ಉಪದೇಶವೂ ನಡತೆಯೂ

ಧರ್ಮಬೋಧೆಗೆ ನಮ್ಮ ಸೀಮೆಯಲ್ಲಿ ಎಂದೂ ಬರ ಬಂದದ್ದಿಲ್ಲ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿದ್ದಾನೆ. ಕಪಿಲೆಯ ದಡ ಹಿಡಿದು ಕೆಳಕ್ಕೆ ಹೋದರೆ ಸುತ್ತೂರಿನ ಮಠ ಸಿಕ್ಕುತ್ತದೆ. ಇನ್ನೂ ಕೆಳಕ್ಕೆ ತಿರುಮಕೂಡಲು ನರಸೀಪುರ. ಅಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ, ಅಗಸ್ತ್ಯೇಶ್ವರನೂ ಗುಂಜಾ ನರಸಿಂಹನೂ ದಡಗಳಲ್ಲಿ ನೆಲೆಸಿದ್ದಾರೆ. ಹರಿಕಥೆ, ಪುರಾಣ, ಪ್ರವಚನಗಳನ್ನು ಕೇಳಿಯೇ ಬೆಳೆದ ಜನ ನಾವು. ಸುಳ್ಳಾಡಬಾರದು, ಪರರನ್ನು ನೋಯಿಸಬಾರದು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬುದನ್ನು ಅರಿಯದ ಮನುಷ್ಯ ಈ ಎರಡು ತಾಲ್ಲೂಕುಗಳಲ್ಲಿ ಹುಡುಕಿದರೂ ಸಿಕ್ಕಲಾರ. ಹಾಗಿದ್ದೂ ವಿವೇಕದಿಂದ ಬಾಳುವುದು ಇಷ್ಟು ಕಷ್ಟವಾಗಿರುವುದೇಕೆ?

ತಿಳಿವಳಿಕೆ ಸಾಲದು ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಗ್ರೀಸಿನ ಸಾಕ್ರಟೀಸನ ಮತವೂ ಹೆಚ್ಚುಕಡಿಮೆ ಇದೇ: ಒಳಿತನ್ನು ನಿಜವಾಗಿ ಬಲ್ಲವನು ಕೆಡುಕನ್ನು ಮಾಡನು. ಅರಿಸ್ಟಾಟಲನು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುವ ಪ್ರಶ್ನೆಯೂ ಅದೇ. ಮನಸ್ಸಿಲ್ಲದಿದ್ದರೂ ಯಾರೋ ಬಲಾತ್ಕಾರದಿಂದ ತಳ್ಳಿದಂತೆ ಮನುಷ್ಯ ಪಾಪಕ್ಕಿಳಿಯುವುದೇಕೆ ಎಂದು. ಕಾಮಕ್ರೋಧಗಳೇ ಕಾರಣವೆಂದು ಕೃಷ್ಣನು ಹೇಳಿದನು. ಆ ಉತ್ತರವನ್ನು ಅಲ್ಲಗಳೆಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಕಾಮವೂ ಇಲ್ಲದೆ, ಕ್ರೋಧವೂ ಇಲ್ಲದೆ, ಭಕ್ತಿಯಿಂದಲೇ ನಡೆಯುವ ಅವಿವೇಕ ಒಂದುಂಟು. ಅದನ್ನು ನೋಡಬೇಕಾದರೆ ನಂಜನಗೂಡಿನ ಸ್ನಾನಘಟ್ಟಕ್ಕೆ ಹೋಗಬೇಕು.

ನಂಜುಂಡನು ರೋಗಹರನೆಂದು ಪ್ರಸಿದ್ಧ. ಟಿಪ್ಪು ಸುಲ್ತಾನನು ಆತನನ್ನು 'ಹಕೀಮ್ ನಂಜುಂಡ'ನೆಂದು ಕರೆದನೆಂಬುದು ಐತಿಹ್ಯ. ಮುಡಿ ಕೊಟ್ಟು, ಕಪಿಲೆಯಲ್ಲಿ ಮುಳುಗಿ ಎದ್ದವರು ಉಟ್ಟ ಬಟ್ಟೆಯನ್ನು ಅಲ್ಲಿಯೇ ನೀರಿಗೆ ಬಿಟ್ಟು ಹೋಗುವುದನ್ನು ಹಲವು ಬಾರಿ ಕಂಡಿದ್ದೇನೆ. ಒಬ್ಬ ಅಜ್ಜಿಯನ್ನು, "ಅಜ್ಜೀ, ಹೊಳೆಯನ್ನು ತಾಯಿ ಎನ್ನುತ್ತೀರಿ, ಅವಳ ಮೈಮೇಲೆಯೇ ಹಳೆಯ ಬಟ್ಟೆ ಎಸೆಯಬಹುದೇ?" ಎಂದು ಕೇಳಿದೆ. "ಪಾಪ ಎಲ್ಲಾ ಆ ಬಟ್ಟೇಲೇ ಅಂಟ್ಕಂಡಿರ್ತದೆ ಕಣ್ ಮಗ. ಅದ ಮನೆಗೆ ವಾಪಸ್ ತಕ್ಕಂಡೋಗಕ್ಕಾದದಾ? ಎಲ್ರೂ ಬುಡ್ತಾರೆ, ನಾನೂ ಬುಟ್ಟೆ" ಎಂದರು.

ಈ ಮಾತಿನಲ್ಲಿ ಎರಡು ಕಾರಣಗಳು ಅಡಗಿವೆ ಎಂದು ನನಗನ್ನಿಸುತ್ತದೆ. ಮೊದಲನೆಯದು, ಧರ್ಮವು ನಮಗೆ ಉಪದೇಶದ ಜೊತೆಗೆ ಆಚರಣೆಯನ್ನೂ ಕೊಟ್ಟಿದೆ. ಉಪದೇಶವನ್ನು ವರ್ಷದ ಮುನ್ನೂರ ಅರವತ್ತೈದು ದಿನವೂ, ಯಾರೂ ಕಾಣದೆಡೆಯಲ್ಲಿಯೂ ನಡೆಸಬೇಕು. ಆಚರಣೆಯಾದರೋ ಒಂದು ಮುಳುಗಿಗೆ ಮುಗಿಯುತ್ತದೆ, ನಾಲ್ಕು ಜನರ ಕಣ್ಣಿಗೂ ಬೀಳುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೇವೆಂದು ಹೇಳಬೇಕೆ? ತಿರುಮಕೂಡಲಿನಲ್ಲಿ 1989ರಿಂದ ಕುಂಭಮೇಳ ನಡೆದು ಬಂದಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಅಲ್ಲಿ ಭಕ್ತರು ಬೊಗಸೆಯಲ್ಲೆತ್ತಿ ತೀರ್ಥವೆಂದು ಸೇವಿಸುವ ಕಪಿಲೆ ಮೇಲೆ ನಂಜನಗೂಡನ್ನು ಹಾದು ಬಂದವಳೇ. ಮೇಲಿನವರು ಕಳೆದುಕೊಂಡ ಪಾಪ ಕೆಳಗಿನವರ ಬೊಗಸೆಗೆ ಬರುತ್ತದೆ ಎಂದರೆ ವಿನೋದವೆಂದು ಎಣಿಸಬಾರದು.

ಎರಡನೆಯದು 'ಎಲ್ಲರೂ ಬಿಡುತ್ತಾರೆ' ಎಂಬುದು. ನಮ್ಮ ನಡತೆಯನ್ನು ಕಿವಿಯಲ್ಲಿರುವ ಬೋಧೆಗಿಂತ ಆ ಗಳಿಗೆಯ ಒತ್ತಡವೂ ಸುತ್ತಲಿನ ಜನವೂ ಹೆಚ್ಚಾಗಿ ನಿರ್ಣಯಿಸುತ್ತವೆ. ಇದಕ್ಕೆ ಅಮೆರಿಕಾ ದೇಶದ ಪ್ರಯೋಗವೊಂದು ನಿದರ್ಶನ. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಭಾಷಣ ಮಾಡಲೆಂದು ಬೇರೊಂದು ಕಟ್ಟಡಕ್ಕೆ ಕಳುಹಿಸಿ, ದಾರಿಯಲ್ಲಿ ನರಳುತ್ತಿರುವವನಂತೆ ನಟಿಸುವ ಒಬ್ಬನನ್ನು ಕೂರಿಸಿದ್ದರು. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು. ಸಾವಕಾಶವಾಗಿ ಹೊರಟವರಲ್ಲಿ ನೂರಕ್ಕೆ 63 ಮಂದಿ ನೆರವಾದರು. ಹೊತ್ತಾಯಿತೆಂದು ಅವಸರಪಡಿಸಲ್ಪಟ್ಟವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಕೆಲವರು ಮಾಡಬೇಕಾಗಿದ್ದ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆ! ಅದನ್ನು ನೆನೆಯುತ್ತಿದ್ದುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಆಗಲಿಲ್ಲ.

ಅವಸರಕ್ಕೇ ಇಷ್ಟು ಶಕ್ತಿಯಿದ್ದರೆ ಜಾತಿಯ ಅಭಿಮಾನಕ್ಕೆ ಎಷ್ಟಿರಬೇಡ? ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರವಿದ್ದ ಊರು. ಅದೇ ಊರಿನಲ್ಲಿ ದೇವಾಲಯ ಪ್ರವೇಶದ ವಿಚಾರವಾಗಿ ಎದ್ದ ವೈಷಮ್ಯದಲ್ಲಿ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕುಲಭೇದವನ್ನು ಖಂಡಿಸಿದ ನಾಡು ಇದು. ಆ ಬೋಧೆಯನ್ನು ಕೇಳದ ಊರೆಂದು ಬದನವಾಳನ್ನು ಯಾರೂ ಹೇಳಲಾರರು. ಇಲ್ಲಿ ಕೊರತೆಯಾದದ್ದು ತಿಳಿವಳಿಕೆಯಲ್ಲ. ಒಂದು ಗುಂಪು ಒಟ್ಟಾಗಿ ಸಿಟ್ಟಿಗೆದ್ದಾಗ 'ಬೇಡ' ಎನ್ನಲು ಬೇಕಾದದ್ದು ತನ್ನವರಿಗೇ ಬೇಡವಾಗುವ ಧೈರ್ಯ. ಅದನ್ನು ಪ್ರವಚನ ಕೇಳಿ ಗಳಿಸುವುದು ಕಷ್ಟ.

ಹಾಗಾದರೆ ಬೋಧೆ ವ್ಯರ್ಥವೇ? ಹಾಗೆನ್ನಲಾರೆ. ಬೋಧೆಯು ಏರ್ಪಾಡಾಗಿ ಮಾರ್ಪಟ್ಟ ಕಡೆ ಜನ ಅದರಂತೆ ನಡೆಯುವುದನ್ನು ಸುತ್ತೂರಿನಲ್ಲಿ ಕಾಣಬಹುದು. ಹಸಿದವನಿಗೆ ಅನ್ನವಿಡು ಎಂಬುದು ಅಲ್ಲಿ ಮಾತಾಗಿ ಉಳಿಯದೆ ದಾಸೋಹವಾಗಿದೆ. ಒಲೆ ಉರಿಯುತ್ತಿರುತ್ತದೆ, ಎಲೆ ಹಾಕಿರುತ್ತದೆ, ದಾನಿಯು ಒಂದು ಮೂಟೆ ಅಕ್ಕಿ ತಂದಿಳಿಸಿದರೆ ಸಾಕು. ಮದುವೆಗೆ ಸಾಲ ಮಾಡಬೇಡಿ ಎಂದು ನಾಡಿನ ಹಿರಿಯರೆಲ್ಲ ಹೇಳುತ್ತಲೇ ಬಂದರು, ಜನ ಗದ್ದೆ ಅಡವಿಡುತ್ತಲೇ ಬಂದರು. ಹುಡುಗಿಯ ತಂದೆಗೆ ಸಾಲದ ಭಯಕ್ಕಿಂತ ನೆಂಟರ ನಾಲಗೆಯ ಭಯ ದೊಡ್ಡದು. ಸುತ್ತೂರಿನ ಜಾತ್ರೆಯಲ್ಲಿ ಸಾಮೂಹಿಕ ವಿವಾಹಗಳನ್ನು ಏರ್ಪಡಿಸಿದಾಗ ಆ ಭಯ ಎಷ್ಟೋ ಇಳಿಯಿತು. ಮಠದ ಅಂಗಳದಲ್ಲಿ, ಸಾವಿರಾರು ಜನರೆದುರು, ಸ್ವಾಮಿಗಳ ಸಮ್ಮುಖದಲ್ಲಿ ತಾಳಿ ಕಟ್ಟಿದರೆ 'ಬಡಮದುವೆ' ಎಂದು ಯಾರೂ ಮೂದಲಿಸುವಂತಿಲ್ಲ. ಬೇರೆ ಬೇರೆ ಜಾತಿಗಳ ಜೋಡಿಗಳು, ಅಂತರ್ಜಾತಿಯ ಜೋಡಿಗಳೂ ಒಂದೇ ಚಪ್ಪರದಡಿ ಕೂರುತ್ತವೆ.

ಆದರೆ ಆ ಚಪ್ಪರದಲ್ಲಿ ಕೂರುವವರು ಬಹುಮಟ್ಟಿಗೆ ಬಡವರೇ. ಅಕ್ಷತೆ ಹಾಕಿ, ದಾಸೋಹದಲ್ಲಿ ಉಂಡು, ಏರ್ಪಾಡನ್ನು ಬಾಯ್ತುಂಬ ಹೊಗಳಿ ಹಿಂದಿರುಗುವ ಸ್ಥಿತಿವಂತರು ತಮ್ಮ ಮಗಳ ಲಗ್ನಕ್ಕೆ ಈಗಲೂ ಮೈಸೂರಿನಲ್ಲಿ ದೊಡ್ಡ ಛತ್ರವನ್ನೇ ಗೊತ್ತುಮಾಡುತ್ತಾರೆ.