ಅಚ್ಚು ಮುರಿಯುವ ಮುನ್ನ

ಹೊಳಲೂರಿನ ಗದ್ದೆಬಯಲಿನಲ್ಲಿ ಭತ್ತದ ಹೊರೆ ಹೊತ್ತ ಗಾಡಿಯ ಕಬ್ಬಿಣದ ಅಚ್ಚು ಮುರಿದುದನ್ನು ಕಂಡವರಿಗೆ ಒಂದು ಸಂಗತಿ ವಿದಿತವಾಗಿರಬೇಕು: ನಿನ್ನೆ ಅದೇ ಹಾದಿಯಲ್ಲಿ ಹೆಚ್ಚಿನ ಭಾರವನ್ನು ತಡೆದ ಅಚ್ಚೇ ಇಂದು ಕಡಮೆ ಭಾರಕ್ಕೆ ಎರಡಾಗಿ ಬೀಳುತ್ತದೆ. ವರ್ಷಾನುಗಟ್ಟಲೆ ಹಳ್ಳದಿಣ್ಣೆಗಳಲ್ಲಿ ತಿಂದ ಪೆಟ್ಟುಗಳೆಲ್ಲ ಕೂದಲೆಳೆಯಂತಹ ಬಿರುಕಾಗಿ ಒಳಗೇ ಬೆಳೆದುದರ ಫಲ ಅದು. 1923ರಲ್ಲಿ ಕಬ್ಬಿಣದ ಉತ್ಪಾದನೆಗೆ ತೊಡಗಿದ ಭದ್ರಾವತಿಯ ನೆರೆಯವರಾದ ನಮಗೆ ಲೋಹದ ಈ ದಣಿವು ಅಪರಿಚಿತವಾದುದಲ್ಲ.

ಯುದ್ಧವಿಮಾನದ ವಾರ್ಧಕ್ಯವೂ ಇದೇ ಬಗೆಯದು. ಕಡಿದಾದ ತಿರುವಿನಲ್ಲಿ ಅದರ ರೆಕ್ಕೆಗಳು ಇಡೀ ವಿಮಾನದ ತೂಕದ ಆರೇಳು ಪಟ್ಟು ಭಾರವನ್ನು ಹೊರಬೇಕಾಗುವುದರಿಂದ, ಅದರ ಆಯುಸ್ಸನ್ನು ಪಂಚಾಂಗದಿಂದ ಮಾತ್ರವೇ ಎಣಿಸಲಾಗದು. ಹಾರಿದ ಗಂಟೆಗಳನ್ನೂ ಸಹಿಸಿದ ಸೆಳೆತಗಳನ್ನೂ ಲೆಕ್ಕವಿಡಬೇಕು. ಬಿರುಕನ್ನು ಹುಡುಕಲು ಎಕ್ಸ್-ರೇ, ಶ್ರವಣಾತೀತ ಧ್ವನಿ, ಬಣ್ಣದ ದ್ರವ ಮುಂತಾದ ಉಪಾಯಗಳುಂಟು. ಕಣ್ಣಿಗೆ ನೆಟ್ಟಗಿದ್ದರೂ ಅವಧಿ ತೀರಿದ ಭಾಗವನ್ನು ತೆಗೆದೊಗೆಯುವ ಕಟ್ಟುನಿಟ್ಟೂ ಉಂಟು. 2007ರ ನವೆಂಬರಿನಲ್ಲಿ ಅಮೆರಿಕದ ಎಫ್-15 ವಿಮಾನವೊಂದು ಆಕಾಶದಲ್ಲೇ ಎರಡು ತುಂಡಾದಾಗ, ಅದರ ಬೆನ್ನೆಲುಬಿನಂತಹ ಒಂದು ತೊಲೆಯಲ್ಲಿ ಬಿರುಕು ಬೆಳೆದಿದ್ದುದು ಗೋಚರಿಸಿತು. ಆ ಜಾತಿಯ ವಿಮಾನಗಳನ್ನೆಲ್ಲ ನೆಲದಲ್ಲಿ ನಿಲ್ಲಿಸಿ ಪರೀಕ್ಷಿಸಲಾಯಿತು. ಹಾರಾಟವನ್ನು ನಿಲ್ಲಿಸುವ ಈ ಧೈರ್ಯವು ಹಾರುವ ಧೈರ್ಯಕ್ಕಿಂತ ಕಿರಿದೇನೂ ಅಲ್ಲ.

ನಮ್ಮ ವಾಯುಪಡೆಗೆ 1979ರಲ್ಲಿ ಬಂದ, ಬಳಿಕ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಜಾಗ್ವಾರ್ ಜಾತಿಯ ಯುದ್ಧವಿಮಾನಗಳಲ್ಲಿ ತಮ್ಮವನ್ನು ಫ್ರಾನ್ಸ್ 2005ರಲ್ಲಿಯೂ ಬ್ರಿಟನ್ 2007ರಲ್ಲಿಯೂ ನಿವೃತ್ತಿಗೊಳಿಸಿದವು. ನಮ್ಮವುಗಳಲ್ಲಿ ಹಲವು ಹೊಸ ರೇಡಾರ್, ಹೊಸ ಉಪಕರಣಗಳನ್ನು ಪಡೆದುವಾದರೂ ಹೊಸ ಎಂಜಿನ್ನಿನ ಯೋಜನೆ ಕೈಗೂಡಲಿಲ್ಲ; ಕಣ್ಣು ಹೊಸದಾಗಿ, ಎದೆ ಹಳೆಯದಾಗಿಯೇ ಉಳಿಯಿತು. 2025ರ ಮಾರ್ಚ್, ಏಪ್ರಿಲ್, ಜುಲೈ ತಿಂಗಳುಗಳಲ್ಲಿ ಮೂರು ಜಾಗ್ವಾರ್‌ಗಳು ಬಿದ್ದುವು. ಅಪಘಾತವೆಲ್ಲಕ್ಕೂ ವಯಸ್ಸೇ ಕಾರಣವೆನ್ನುವುದು ನ್ಯಾಯವಲ್ಲ. ಹಕ್ಕಿಯ ಹೊಡೆತ, ಹವೆ, ಮನುಷ್ಯನ ಪ್ರಮಾದ ಇವೂ ಅದರಲ್ಲಿ ಪಾಲುದಾರರು. ಆದರೆ ಹಳೆಯ ಯಂತ್ರವು ಪ್ರಮಾದವನ್ನು ಕ್ಷಮಿಸುವುದು ಕಡಮೆ.

ಆದುದರಿಂದ ಸುರಕ್ಷತೆಯೆಂಬುದು ದುರಸ್ತಿಯ ಕೊಟ್ಟಿಗೆಯಲ್ಲಿ ಮಾತ್ರ ಹುಟ್ಟುವುದಲ್ಲ. ತೀರ್ಮಾನ ಕೈಗೊಳ್ಳುವವರ ಮೇಜಿನ ಮೇಲೂ ಹುಟ್ಟತಕ್ಕದ್ದು. ನಿಧಾನಗತಿಯ ತರಬೇತಿ ವಿಮಾನದಿಂದ ಇಳಿದ ಯುವಕನು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇಯನ್ನು ಸಮೀಪಿಸುವ ಮಿಗ್-21ನ್ನು ಏರುವುದಕ್ಕೆ ಮುನ್ನ ನಡುವೆ ಒಂದು ಮೆಟ್ಟಿಲು ಬೇಕೆಂದು, ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲಿಯೇ ಹೇಳಿತು. ಆ ಮೆಟ್ಟಿಲಾದ ಹಾಕ್ ವಿಮಾನ ಬೀದರಿನ ವಾಯುನೆಲೆಯಲ್ಲಿ ವಿಧಿವತ್ತಾಗಿ ಸೇವೆಗೆ ಸೇರಿದ್ದು 2008ರಲ್ಲಿ. ಮಿಗ್‌ನ ಸ್ಥಾನಕ್ಕೆಂದು 1983ರಲ್ಲಿ ಮಂಜೂರಾದ ಲಘು ಯುದ್ಧವಿಮಾನ, ಇಂದಿನ ತೇಜಸ್, ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ್ದು 2001ರ ಜನವರಿ 4ರಂದು. ಹೀಗಾಗಿ 1963ರಲ್ಲಿ ಬಂದ ಮಿಗ್-21, 2025ರ ಸೆಪ್ಟೆಂಬರ್ 26ರವರೆಗೂ ಸೇವೆಯಲ್ಲಿರಬೇಕಾಯಿತು. ಬಿರುಕನ್ನು ಕಾಣಲು ಯಂತ್ರಗಳಿವೆ. ವಿಳಂಬವನ್ನು ಕಾಣಲು ಯಾವ ಯಂತ್ರವೂ ಇಲ್ಲ.

ಅಚ್ಚನ್ನು ಬಡಿದು ಅದರ ನಾದದಿಂದಲೇ ಗಟ್ಟಿಯೆಂದರಿಯುವ ಗಾಡಿಯವನು ಜಾಣನೇ ಸರಿ. ಗಟ್ಟಿಯ ನಾದ ಕೇಳಿಬರುತ್ತಿರುವಾಗಲೇ, ಸುಗ್ಗಿಗೆ ಮೊದಲೇ, ಕುಲುಮೆಗೆ ಹೋಗಿ ಹೊಸ ಅಚ್ಚಿಗೆ ಹೇಳಿಬರುವವನು ಅವನಿಗಿಂತಲೂ ಜಾಣ.