ಕಡತಗಳ ಬೀಗ ಸರಳವಾದ ಬಗೆ

ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ತೇರಿನ ದಿನ, ಜಾತ್ರೆಯ ನೂಕುನುಗ್ಗಲಿನಲ್ಲಿ ನಿಮ್ಮ ಜೇಬಿನ ಫೋನು ಕಳುವಾಯಿತೆಂದು ಇಟ್ಟುಕೊಳ್ಳಿ. ಹೋದ ಫೋನಿನ ಬೆಲೆಗೆ ಮರುಗುವುದು ಒಂದು. ಅದರೊಳಗೆ ಮಗಳ ನಿಶ್ಚಿತಾರ್ಥದ ಚಿತ್ರಗಳಿವೆ, ಬ್ಯಾಂಕಿನ ಸಂದೇಶಗಳಿವೆ, ಅಡಿಕೆ ಮಂಡಿಯ ಲೆಕ್ಕದ ಚೀಟಿಯ ಪಟವಿದೆ. ಅವುಗಳ ಗತಿಯೇನು ಎಂಬ ಚಿಂತೆ ಇನ್ನೊಂದು. ಕದ್ದವನಿಗೆ ನಿಮ್ಮ ಗುಟ್ಟಿನ ಸಂಖ್ಯೆ ತಿಳಿಯದು, ನಿಜ. ಆದರೆ ಮುಂಬಾಗಿಲಿಗೆ ಬೀಗ ಕಂಡವನು ಹೆಂಚು ತೆಗೆದು ಒಳಗಿಳಿಯುವಂತೆ, ಫೋನನ್ನೇ ಬಿಚ್ಚಿ, ಬರಹವೆಲ್ಲ ಕುಳಿತಿರುವ ಬಿಲ್ಲೆಯನ್ನು ಬೇರೊಂದು ಯಂತ್ರಕ್ಕೆ ತಗುಲಿಸಿ ಓದಿಕೊಳ್ಳಬಹುದಲ್ಲವೇ?

ಇಳಿಯಬಹುದು, ಇಳಿದರೂ ಅವನಿಗೆ ಸಿಕ್ಕುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಇಂದಿನ ಫೋನು ಪ್ರತಿಯೊಂದು ಕಡತವನ್ನೂ ಬಿಲ್ಲೆಯ ಮೇಲೆ ಇಡುವ ಮುನ್ನ ಗೂಢಲಿಪಿಗೆ ತಿರುಗಿಸುತ್ತದೆ. ನೀವು ನಿಮ್ಮ ಸಂಖ್ಯೆಯನ್ನು ಒತ್ತಿದಾಗಲೇ ಅದರ ಬೀಗದ ಕೈ ದೊರೆಯುವುದು. ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಫೋನನ್ನು ಪೂರ್ತಿ ಆರಿಸಿ, ಮತ್ತೆ ಹತ್ತಿಸಿ, ಸಂಖ್ಯೆ ಒತ್ತದೆ ಬಿಡಿ. ಆಗ ಒಡಹುಟ್ಟಿದ ತಂಗಿಯೇ ಕರೆದರೂ ಅನೇಕ ಫೋನುಗಳಲ್ಲಿ ಬರಿಯ ಅಂಕಿ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಹೆಸರುಗಳ ಪಟ್ಟಿ ಇನ್ನೂ ಬೀಗದೊಳಗಿದೆ. ಫೋನಿಗೇ ಅದನ್ನು ಓದಲು ಬರುವುದಿಲ್ಲ.

ಈ ಕೆಲಸ ನಡೆಯುವುದು ಕರ್ನೆಲ್ ಎಂಬ ತಿರುಳಿನಲ್ಲಿ. ಯಂತ್ರವನ್ನೂ ಅದರ ಮೇಲೆ ನಡೆಯುವ ಸಮಸ್ತ ವ್ಯವಹಾರವನ್ನೂ ನಡುವೆ ನಿಂತು ಆಳುವ ಬರಹ ಅದು. ಆಂಡ್ರಾಯ್ಡ್ ಫೋನುಗಳಲ್ಲಿರುವ ಕರ್ನೆಲಿನ ಹೆಸರು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಹಾಗಾದರೆ ಕಳ್ಳನೂ ಓದಬಹುದಲ್ಲ ಎನ್ನುತ್ತೀರಿ. ಓದಲಿ. ಬೀಗದ ರಚನೆ ತಿಳಿದ ಮಾತ್ರಕ್ಕೆ ಬೀಗದ ಕೈ ಸಿಕ್ಕಿದಂತಾಗಲಿಲ್ಲ. ಭಯವಿರುವುದು ಬೇರೆ ಕಡೆ: ಬೀಗದ ಒಳಗೆ ತೊಡಕು ಹೆಚ್ಚಿದಷ್ಟೂ, ಯಾವ ಮೂಲೆಯಲ್ಲಿ ತಪ್ಪು ಅಡಗಿದೆಯೆಂದು ಮಾಡಿದವರಿಗೇ ಕಾಣದೆ ಹೋಗುತ್ತದೆ.

ಆ ತೊಡಕು ಬಂದದ್ದು ಹೇಗೆಂದು ನೋಡೋಣ. ಮೂಟೆಗಳನ್ನು ಒಂದೊಂದು ಮಂಡಿಯವರು ಒಂದೊಂದು ಕ್ರಮದಲ್ಲಿ ಅಟ್ಟಿ ಹಾಕುವಂತೆ, ಕಡತಗಳನ್ನು ಜೋಡಿಸಿಡಲು ಲಿನಕ್ಸಿನಲ್ಲಿ ಹಲವು ಪದ್ಧತಿಗಳಿವೆ. ಅವುಗಳಲ್ಲಿ ಇಎಕ್ಸ್‌ಟಿ4 ಎಂಬ ಪದ್ಧತಿಗೆ 2015ರಲ್ಲಿ ಗೂಗಲ್ ಸಂಸ್ಥೆಯವರು ಗೂಢಲಿಪಿಯ ಸೌಕರ್ಯ ಸೇರಿಸಿದರು. ಸ್ವಲ್ಪ ಕಾಲದಲ್ಲೇ ಎಫ್2ಎಫ್‌ಎಸ್ ಎಂಬ ಇನ್ನೊಂದು ಪದ್ಧತಿಯವರು ಅದೇ ಬರಹವನ್ನು ತಮ್ಮಲ್ಲಿಗೂ ಇಳಿಸಿಕೊಂಡರು. ಒಂದೇ ಬೀಗಕ್ಕೆ ಎರಡು ಪ್ರತಿಗಳಾದವು. ಒಂದರಲ್ಲಿ ದೋಷ ಕಂಡು ತಿದ್ದಿದರೆ ಇನ್ನೊಂದರಲ್ಲೂ ತಿದ್ದಲು ಯಾರಾದರೂ ನೆನಪಿಟ್ಟುಕೊಳ್ಳಬೇಕು. 2016ರಲ್ಲಿ ಎಫ್2ಎಫ್‌ಎಸ್‌ನ ಕರ್ತೃ ಜೇಗುಕ್ ಕಿಮ್ ಅದನ್ನು ಎರಡಕ್ಕೂ ಸಮಾನವಾದ ಒಂದು ಕೋಣೆಗೆ ಸಾಗಿಸಿದರು. ಬಳಿಕ ಯುಬಿಐಎಫ್‌ಎಸ್ ಎಂಬ ಮೂರನೆಯದೂ ಬಂದು ಸೇರಿತು.

ಬೀಗ ಒಂದಾಯಿತು, ಪದ್ಧತಿ ಮೂರೇ ಉಳಿಯಿತು. ಈ ಸೌಕರ್ಯ ಬೇಕೋ ಬೇಡವೋ ಎಂದು ಆರಿಸಲು ಮೂರು ಬೇರೆ ಬೇರೆ ಗುಂಡಿಗಳು. ‘ಈ ಕಡತಕ್ಕೆ ಬೀಗ ಬಿದ್ದಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಮೂವರೂ ಮೂರು ಹೆಸರಿನಲ್ಲಿ ಕೇಳುತ್ತಿದ್ದರು. 2019ರ ಆರಂಭದಲ್ಲಿ ಐ.ಬಿ.ಎಂ. ಸಂಸ್ಥೆಯ ಚಂದನ್ ರಾಜೇಂದ್ರ ಅವರ ತಿದ್ದುಪಡಿಗಳು ಇದಕ್ಕೆ ಮಂಗಳ ಹಾಡಿದವು: ಮೂರು ಗುಂಡಿ ಹೋಗಿ ಒಂದಾಯಿತು, ಮೂರು ಪ್ರಶ್ನೆ ಹೋಗಿ ಒಂದಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬಂದ 5.1ನೆಯ ಆವೃತ್ತಿಯಲ್ಲಿ ಅದು ಸೇರಿತು. ಹೊಸ ಸೌಕರ್ಯ ಒಂದೂ ಇಲ್ಲ, ಆದ್ದರಿಂದ ಪತ್ರಿಕೆಗಳಲ್ಲಿ ಸುದ್ದಿಯೂ ಇಲ್ಲ. ಇಂಥ ಕೆಲಸಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುವುದು ಕಡಿಮೆ ಎಂದು ನನಗೆ ತೋರುತ್ತದೆ.

ಇನ್ನೂ ಸ್ವಾರಸ್ಯವಾದ ಸರಳೀಕರಣ ನಡೆದದ್ದು 2025ರಲ್ಲಿ. ಹಿಂದೆ ಪ್ರೊಸೆಸರಿಗೆ, ಅಂದರೆ ಯಂತ್ರದ ಮುಖ್ಯ ಲೆಕ್ಕಿಗನಿಗೆ, ಗೂಢಲಿಪಿಯ ಲೆಕ್ಕ ಬಹಳ ಭಾರವಾಗುತ್ತಿತ್ತು. ಅದಕ್ಕಾಗಿ ಕೆಲವು ಯಂತ್ರಗಳಲ್ಲಿ ಪ್ರತ್ಯೇಕ ಉಪಯಂತ್ರವನ್ನಿಟ್ಟರು. ಗುಬ್ಬಿಯಲ್ಲಿ ಗಿರಣಿಯಿಲ್ಲದ ಕಾಲದಲ್ಲಿ ರಾಗಿಯನ್ನು ಗಾಡಿಯ ಮೇಲೆ ತುಮಕೂರಿಗೆ ಕಳುಹಿಸಿದಂತೆ ಇದು. ಮೂಟೆ ಹೇರಿ ಕಳುಹಿಸಬೇಕು, ಹಿಟ್ಟು ಬರುವವರೆಗೆ ಕಾಯಬೇಕು, ಬಂತೇ ಎಂದು ವಿಚಾರಿಸಬೇಕು, ಬಾರದಿದ್ದರೆ ಏನು ಮಾಡುವುದೆಂದೂ ಗೊತ್ತುಮಾಡಿಕೊಂಡಿರಬೇಕು. ಈ ಕಾಯುವ ಏರ್ಪಾಡಿಗೇ ಎಷ್ಟೋ ಕೋಡ್ ಬೇಕಾಗಿತ್ತು. ಅಷ್ಟರಲ್ಲಿ ನಮ್ಮ ಬೀದಿಯಲ್ಲೇ ಗಿರಣಿ ಬಂತು. ಸುಮಾರು 2010ರಿಂದೀಚೆಗೆ ಪ್ರೊಸೆಸರುಗಳೇ ಗೂಢಲಿಪಿಯ ಲೆಕ್ಕಕ್ಕೆ ವಿಶೇಷ ಆಜ್ಞೆಗಳನ್ನು ಕಲಿತವು. ಗೂಗಲ್‌ನ ಎರಿಕ್ ಬಿಗ್ಗರ್ಸ್ ಅಳೆದು ನೋಡಿದಾಗ, ದೂರದ ಉಪಯಂತ್ರಕ್ಕಿಂತ ಪ್ರೊಸೆಸರು ತಾನೇ ಮಾಡಿಕೊಂಡರೆ ಬಹಳ ಬೇಗ ಮುಗಿಯುತ್ತಿತ್ತು. ಮೇಲಾಗಿ ಆ ಉಪಯಂತ್ರಗಳನ್ನು ನಡೆಸುವ ಬರಹಗಳಲ್ಲಿ ದೋಷಗಳೂ ಹೆಚ್ಚು. ಇದು ಸಣ್ಣ ಮಾತಲ್ಲ. ಬೀಗ ತಪ್ಪಾಗಿ ಬಿದ್ದರೆ ಕಳ್ಳನಿಗಿಂತ ಮೊದಲು ಮನೆಯವರೇ ಹೊರಗುಳಿಯುತ್ತಾರೆ. ನಿಶ್ಚಿತಾರ್ಥದ ಚಿತ್ರ ನಿಮಗೂ ಮತ್ತೆ ಕಾಣುವುದಿಲ್ಲ. ಆದುದರಿಂದ 6.17ನೆಯ ಆವೃತ್ತಿಯಲ್ಲಿ ಆ ಗಾಡಿಯ ದಾರಿಯನ್ನು ಮುಚ್ಚಿಬಿಟ್ಟರು. ಬರಹವು ಬಿಲ್ಲೆಗೆ ಸಾಗುವ ಹಾದಿಯಲ್ಲೇ ಕುಳಿತು ಕೆಲಸ ಮಾಡುವ ಇನ್ನೊಂದು ಬಗೆಯ ಉಪಯಂತ್ರ ಹಲವು ಫೋನುಗಳಲ್ಲಿದೆ. ಅದಕ್ಕೆ ಹೋಗಿಬರುವ ತಾಪತ್ರಯವಿಲ್ಲವಾಗಿ ಅದನ್ನು ಹಾಗೆಯೇ ಉಳಿಸಿಕೊಂಡರು.

ಕಾಯುವುದು ತಪ್ಪಿದ್ದರಿಂದ ಮತ್ತೊಂದು ಅನುಕೂಲವೂ ಒದಗಿತು. ಮದುವೆಯ ಊಟದಲ್ಲಿ ಬಡಿಸುವವನು ಪ್ರತಿ ಎಲೆಗೂ ಉಗ್ರಾಣಕ್ಕೆ ಹೋಗಿ ಒಂದು ಸೌಟು ಕೇಳಿ ತಂದು, ಬಡಿಸಿ, ಹಿಂದಿರುಗಿಸಿ ಬರುವುದನ್ನು ಊಹಿಸಿಕೊಳ್ಳಿ. ಉಗ್ರಾಣದಲ್ಲಿ ಸೌಟು ಮುಗಿದಿದ್ದರೆ ಅತಿಥಿಯ ಎಲೆ ಖಾಲಿ! ಕರ್ನೆಲ್ ಮೊದಲು ಹೀಗೆಯೇ ಪ್ರತಿ ಸಲವೂ ಯಂತ್ರದ ನೆನಪಿನ ಉಗ್ರಾಣದಿಂದ ಚೂರು ಜಾಗ ಬೇಡಿ ತರುತ್ತಿತ್ತು. ಕೆಲಸ ತಕ್ಷಣವೇ ಮುಗಿಯುವಂತಾದ ಮೇಲೆ, ಕೈಯಲ್ಲೇ ಇರುವ ಜಾಗ ಸಾಕಾಯಿತು. ಕಡತಗಳ ಹೆಸರುಗಳಿಗೂ ಗೂಢಲಿಪಿಯಿರುತ್ತದಷ್ಟೆ. ಸಾವಿರ ಚಿತ್ರಗಳ ಪಟ್ಟಿ ತೋರಿಸಬೇಕಾದರೆ ಸಾವಿರ ಸಲ ಈ ಪುಟ್ಟ ಕೆಲಸ. ಆದ್ದರಿಂದ ಲಾಭ ಹೆಸರುಗಳ ವಿಷಯದಲ್ಲೇ ಹೆಚ್ಚಾಗಿ ಕಂಡಿತು. ಜೊತೆಗೆ, ಜಾಗ ಸಿಗದೆ ಕೆಲಸ ಕೆಡುವ ಸಂಭವವೊಂದು ಬುಡಸಮೇತ ಹೋಯಿತು.

ಹಾಗೆಂದು ಸೇರಿಸುವುದೆಲ್ಲ ತಪ್ಪೆಂದಲ್ಲ. ವಿಶೇಷ ಆಜ್ಞೆಗಳಿಲ್ಲದ ಅಗ್ಗದ ಫೋನುಗಳಿಗಾಗಿ ಅಡಿಯಾಂಟಮ್ ಎಂಬ ಹಗುರವಾದ ಗೂಢಲಿಪಿಯನ್ನು ಇದೇ ಬಿಗ್ಗರ್ಸ್, ಪಾಲ್ ಕ್ರೌಲಿ ಅವರೊಡಗೂಡಿ ರಚಿಸಿದರು. 2019ರಲ್ಲಿ ಅದು ಲಿನಕ್ಸಿಗೆ ಸೇರಿತು. ಕಡಿಮೆ ಬೆಲೆಯ ಫೋನು ಕೊಂಡವರಿಗೂ ಬೀಗ ಬೇಕಲ್ಲ.

ನಿಮ್ಮ ಫೋನಿನಲ್ಲಿ ಇವುಗಳಲ್ಲಿ ಯಾವುದು ಬಂದಿದೆಯೆಂದು ತಿಳಿಯುವ ಕುತೂಹಲವಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರವಿರುವ ಕಡೆ ಕರ್ನೆಲ್ ಆವೃತ್ತಿಯನ್ನು ಹುಡುಕಿ. ಅಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, 6.17 ಎಂದರೆ ಆರನೆಯ ಸಾಲಿನ ಹದಿನೇಳನೆಯದು, 6.6ಕ್ಕಿಂತ ಹೊಸದು. 5.10 ಎಂದೋ 6.1 ಎಂದೋ ಇದ್ದರೆ ಮೂರು ಗುಂಡಿಗಳು ಒಂದಾದ ಸುಧಾರಣೆ ನಿಮಗೆ ಸಂದಿದೆ. ಗಾಡಿಯ ದಾರಿ ಮುಚ್ಚಿದ್ದು ಮಾತ್ರ ಇನ್ನೂ ಬಂದಿರಲಾರದು, ಏಕೆಂದರೆ ಫೋನು ಹುಟ್ಟುವಾಗ ಇದ್ದ ಕರ್ನೆಲಿನ ಸಾಲನ್ನು ತಯಾರಕರು ಸಾಮಾನ್ಯವಾಗಿ ಬದಲಾಯಿಸುವುದಿಲ್ಲ; ಅದರಲ್ಲೇ ದೋಷಗಳನ್ನು ತಿದ್ದಿ ಕಳುಹಿಸುತ್ತಿರುತ್ತಾರೆ.