ತಾಟೆಯ ಹೊಟ್ಟೆಯಲ್ಲಿ ಬಿಟ್ಟಿ ಬಿಡಾರ

ಬಾಯಿಲ್ಲ, ಕರುಳಿಲ್ಲ. ಆದರೂ ಪುಷ್ಕಳ ಊಟ! ಯಾರಿದು?

ನಮ್ಮ ಕಲ್ಲುಗುಂಡಿಯ ನದಿ ಪಯಸ್ವಿನಿ, ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಅರಬ್ಬಿ ಸಮುದ್ರ ಸೇರುತ್ತಾಳೆ. ಆ ಕಡಲಿನ ದೊಡ್ಡ ಬೇಟೆಗಾರ ತಾಟೆ, ಅಂದರೆ ಶಾರ್ಕ್. ಅದರ ಕರುಳಿನೊಳಗೆ ಸುರುಳಿ ಮೆಟ್ಟಿಲಿನಂಥ ಮಡಿಕೆ. ಅಲ್ಲೇ ಲಾಡಿಹುಳುವಿನ ಬಿಡಾರ.

ಟ್ರಿಪನೊರಿಂಕಾ ಗುಂಪಿನ ಈ ಹುಳುವಿನ ತಲೆಯಲ್ಲಿ ಕೊಕ್ಕೆಮುಳ್ಳು ತುಂಬಿದ 4 ಎಳೆಗಳು. ಕರುಳಿಗೆ ಚುಚ್ಚಿದರೆ ಹಿಡಿದದ್ದು ಬಿಡದು. ಊಟವೋ? ಮೈಯಿಂದಲೇ ಹೀರುತ್ತದೆ!

ಒಳಗೆ ಹೊಕ್ಕಿದ್ದು ಹೇಗೆ? ಮೊಟ್ಟೆ ನೀರಿಗೆ, ಮರಿಯು ಸಿಗಡಿಯ ನೆಂಟರಾದ ಪುಟ್ಟ ಜೀವಿಗಳಿಗೆ, ಅವನ್ನು ತಿಂದ ಮೀನಿಗೆ, ಮೀನು ನುಂಗಿದ ತಾಟೆಗೆ.

ಮೀನು ಕೊಯ್ಯುವಾಗ ಇಂಥ ಮರಿಹುಳು ಕಂಡರೆ ತೆಗೆದುಹಾಕಿ, ಚೆನ್ನಾಗಿ ಬೇಯಿಸಿ. ಅದು ಕಾಯುತ್ತಿರುವುದು ತಾಟೆಯನ್ನು, ನಮ್ಮನ್ನಲ್ಲ!